ಒಂದು ರೂಪ, ಒಂದು ಅರ್ಥ: ಸ್ಪ್ಯಾನಿಷ್ ಮತ್ತು ಇಡೊ ಭಾಷೆಗಳ ಆಖ್ಯಾತ ವ್ಯವಸ್ಥೆ

ಭಾಷೆಯನ್ನು ಜನಸಮುದಾಯ ಕಟ್ಟುತ್ತದೆಯೋ ಪಂಡಿತರ ಮಂಡಳಿ ಕಟ್ಟುತ್ತದೆಯೋ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಮೌಖಿಕ ಪಠ್ಯಗಳನ್ನು ಸಂಗ್ರಹಿಸಿ ಅಚ್ಚಿಗೆ ಸಿದ್ಧಪಡಿಸುವ ಪ್ರತಿಯೊಬ್ಬ ಸಂಪಾದಕನೂ ಈ ಪ್ರಶ್ನೆಗೆ ತನಗೆ ತಿಳಿಯದೆಯೇ ಒಂದು ಉತ್ತರವನ್ನು ಕೊಟ್ಟಿರುತ್ತಾನೆ. ಆದರೆ ಈ ಪ್ರಶ್ನೆಯನ್ನು ನೇರವಾಗಿ, ಬಹುಮಟ್ಟಿಗೆ ಪ್ರಯೋಗಾಲಯದ ಸ್ಥಿತಿಯಲ್ಲಿ ಎಂಬಂತೆ, ಪರೀಕ್ಷಿಸುವ ಅವಕಾಶ ದೊರೆಯುವುದು ಕೃತಕ ಭಾಷೆಗಳಲ್ಲಿ. ಅವುಗಳಲ್ಲಿ ಇಡೊ ವಿಶೇಷವಾಗಿ ಗಮನಾರ್ಹವಾದುದು. ಅದರ ಪದಸಂಪತ್ತಿನ ಬಹುಪಾಲು ಲ್ಯಾಟಿನ್ ಮೂಲದ ಭಾಷೆಗಳಿಂದ ಬಂದುದು. ಆದ್ದರಿಂದ ಅದರ ಪಕ್ಕದಲ್ಲಿ ಸ್ಪ್ಯಾನಿಷನ್ನು ಇರಿಸಿ ನೋಡಿದರೆ ಒಂದೇ ಬಗೆಯ ಧಾತುಗಳು ಜನರ ಬಾಯಲ್ಲಿ ಏನಾದವು, ಮಂಡಳಿಯ ಕೈಯಲ್ಲಿ ಏನಾದವು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಈ ಹೋಲಿಕೆಗೆ ಅತ್ಯಂತ ಫಲವತ್ತಾದ ನೆಲೆ ಕ್ರಿಯಾಪದ. ನಾಮಪದವನ್ನು ಎರವಲು ತರಬಹುದು. ಕ್ರಿಯಾಪದದಲ್ಲಿ ಒಂದು ಸಮುದಾಯವು ಕಾಲವನ್ನು, ಸಂದೇಹವನ್ನು, ಆಶೆಯನ್ನು, ಸಾಕ್ಷ್ಯವನ್ನು ಅಳೆಯುವ ಕ್ರಮವೇ ಅಡಗಿರುತ್ತದೆ.

ಇಡೊ ಹುಟ್ಟಿದ ಸಂದರ್ಭವನ್ನು ಸಂಕ್ಷೇಪವಾಗಿ ಹೇಳುವುದಾದರೆ: 1887ರಲ್ಲಿ ಝಾಮೆನ್‌ಹೋಫ್ ಎಸ್ಪೆರಾಂಟೊವನ್ನು ಪ್ರಕಟಿಸಿದ. ಅಂತರರಾಷ್ಟ್ರೀಯ ಸಹಾಯಕ ಭಾಷೆಯೊಂದನ್ನು ಆಯ್ಕೆ ಮಾಡುವ ಉದ್ದೇಶದಿಂದ ಫ್ರೆಂಚ್ ತರ್ಕಶಾಸ್ತ್ರಜ್ಞ ಲೂಯಿ ಕೂತುರಾ ಮತ್ತು ಗಣಿತಜ್ಞ ಲೆಯೋಪೋಲ್ಡ್ ಲೆಯೋ 1901ರಲ್ಲಿ ಒಂದು ನಿಯೋಗವನ್ನು ರಚಿಸಿದರು. ಅದರ ಸಮಿತಿ 1907ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿತು. ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್, ಭಾಷಾವಿಜ್ಞಾನಿಗಳಾದ ಓಟೋ ಯೆಸ್ಪರ್ಸನ್ ಮತ್ತು ಬೊದುಆನ್ ದ ಕೂರ್ತನೆ ಅದರ ಸದಸ್ಯರಲ್ಲಿದ್ದರು. ಸಮಿತಿಯ ಮುಂದೆ ‘ಇಡೊ’ ಎಂಬ ಗುಪ್ತನಾಮದಲ್ಲಿ ಒಂದು ಸುಧಾರಿತ ಎಸ್ಪೆರಾಂಟೊ ಯೋಜನೆ ಬಂದಿತು. ಎಸ್ಪೆರಾಂಟೊದಲ್ಲಿ ಆ ಪದಕ್ಕೆ ‘ಸಂತಾನ’ ಎಂದೇ ಅರ್ಥ. ಝಾಮೆನ್‌ಹೋಫನ ಪ್ರತಿನಿಧಿಯಾಗಿ ಬಂದಿದ್ದ ಲೂಯಿ ದ ಬೋಫ್ರೋಂ ತಾನೇ ಅದರ ಕರ್ತೃವೆಂದು ಆಮೇಲೆ ಘೋಷಿಸಿಕೊಂಡ. ಅದರ ಹಿಂದೆ ಕೂತುರಾನ ಕೈ ದೊಡ್ಡದಾಗಿತ್ತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಈ ನಾಟಕೀಯ ಪ್ರಸಂಗವನ್ನೇ ಹಿಡಿದು ಬರೆದವರು ಅನೇಕರು. ವಿಮರ್ಶೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು, ಕೂತುರಾ ಲೈಬ್ನಿಟ್ಸನ ತರ್ಕವನ್ನು ಕುರಿತು 1901ರಲ್ಲಿ ಗ್ರಂಥ ಬರೆದ ವಿದ್ವಾಂಸನೆಂಬ ಸಂಗತಿ. ವಿಚಾರಗಳಿಗೆಲ್ಲ ಒಂದು ನಿರ್ದುಷ್ಟ ಸಂಕೇತಲಿಪಿ ಇರಬೇಕೆಂಬ ಲೈಬ್ನಿಟ್ಸನ ಕನಸು ಇಡೊದ ಕ್ರಿಯಾಪದದೊಳಗೆ ಇಳಿದುಬಂದಿದೆ.

ಇಡೊದ ಆಖ್ಯಾತ ವ್ಯವಸ್ಥೆಯನ್ನು ಒಂದು ಪುಟದಲ್ಲಿ ಬರೆದು ಮುಗಿಸಬಹುದು. ‘ಆಮ್’ (ಪ್ರೀತಿಸು) ಎಂಬ ಧಾತುವನ್ನು ತೆಗೆದುಕೊಂಡರೆ ವರ್ತಮಾನಕ್ಕೆ ‘ಆಮಾಸ್’, ಭೂತಕ್ಕೆ ‘ಆಮಿಸ್’, ಭವಿಷ್ಯತ್ತಿಗೆ ‘ಆಮೋಸ್’, ಪಕ್ಷಾರ್ಥಕ್ಕೆ ‘ಆಮುಸ್’, ವಿಧಿ ಮತ್ತು ಹಾರೈಕೆಗೆ ‘ಆಮೆಜ್’. ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಯಾವ ಬದಲಾವಣೆಯೂ ಇಲ್ಲ. ನಾನು, ನೀನು, ಅವರು ಎಲ್ಲರಿಗೂ ‘ಆಮಾಸ್’ ಒಂದೇ. ಭಾವರೂಪದಲ್ಲಿಯೂ ಕಾಲಭೇದವುಂಟು: ‘ಅಮಾರ್’ ಎಂದರೆ ಪ್ರೀತಿಸುವುದು, ‘ಅಮೀರ್’ ಎಂದರೆ ಪ್ರೀತಿಸಿದ್ದಿರುವುದು, ‘ಅಮೋರ್’ ಎಂದರೆ ಮುಂದೆ ಪ್ರೀತಿಸಲಿರುವುದು. ಕರ್ತರಿಯಲ್ಲಿ ಮೂರು, ಕರ್ಮಣಿಯಲ್ಲಿ ಮೂರು, ಒಟ್ಟು ಆರು ಕೃದಂತಗಳು. ಧಾತುವಿಗೂ ಪ್ರತ್ಯಯಕ್ಕೂ ನಡುವೆ ‘ಅಬ್’ ಸೇರಿಸಿದರೆ ಅದಕ್ಕಿಂತ ಮುಂಚೆಯೇ ಮುಗಿದ ಕ್ರಿಯೆ. ‘ಎಸ್’ ಸೇರಿಸಿದರೆ ಕರ್ಮಣಿ. ಅಪವಾದವೆಂಬುದು ಬಹುಮಟ್ಟಿಗೆ ಇಲ್ಲ.

ಸ್ಪ್ಯಾನಿಷಿನ ಚಿತ್ರ ಇದಕ್ಕೆ ತದ್ವಿರುದ್ಧ. ‘ಆರ್’, ‘ಎರ್’, ‘ಇರ್’ ಎಂದು ಕೊನೆಗೊಳ್ಳುವ ಮೂರು ಧಾತುಗಣಗಳು. ನಿಶ್ಚಯಾರ್ಥದ ಐದು ಸರಳ ಕಾಲಗಳಲ್ಲಿ ಆರಾರು ರೂಪಗಳಂತೆ ಮೂವತ್ತು ರೂಪಗಳು. ಅದರ ಮೇಲೆ ಸಂಭಾವನಾರ್ಥದ ರೂಪಗಳು, ಸಂಯುಕ್ತ ಕಾಲಗಳು. ಅನಿಯಮಿತ ಧಾತುಗಳಂತೂ ಕಲಿಯುವವರಿಗೆ ದುಃಸ್ವಪ್ನ. ‘ಹೋಗು’ ಎಂಬರ್ಥದ ‘ಈರ್’ ಧಾತುವಿನ ಒಂದೇ ರೂಪಾವಳಿಯೊಳಗೆ ಲ್ಯಾಟಿನ್ನಿನ ಮೂರು ಬೇರೆ ಬೇರೆ ಕ್ರಿಯಾಪದಗಳ ಅವಶೇಷಗಳಿವೆ. ಅದರ ಮುಗಿದ ಭೂತವಾದ ‘ಫುಯಿ’ ಎಂಬುದು ‘ನಾನು ಹೋದೆನು’ ಎಂದೂ ಆಗುತ್ತದೆ, ‘ನಾನು ಆಗಿದ್ದೆನು’ ಎಂದೂ ಆಗುತ್ತದೆ. ತರ್ಕಶಾಸ್ತ್ರಜ್ಞನಿಗೆ ಇದು ಅಸಹ್ಯವಾಗಿ ಕಾಣುವುದು ಸಹಜ. ಸ್ಪೇನಿನ ಜನರಿಗೆ ಮಾತ್ರ ಶತಮಾನಗಳಿಂದ ಇದರಿಂದ ತೊಂದರೆಯಾದಂತಿಲ್ಲ.

ಎರಡು ಭಾಷೆಗಳ ಬಾಹ್ಯ ಸಾಮ್ಯ ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಎರಡು ಉದಾಹರಣೆ ಸಾಕು. ಸ್ಪ್ಯಾನಿಷಿನಲ್ಲಿ ‘ದೊರ್ಮೀರ್’ ಎಂದರೆ ನಿದ್ರಿಸುವುದು. ಅದೇ ಅಕ್ಷರಗಳು, ಅದೇ ಒತ್ತು ಇರುವ ಇಡೊ ಪದಕ್ಕೆ ನಿದ್ರಿಸಿದ್ದಿರುವುದು ಎಂಬ ಅರ್ಥ. ಸ್ಪ್ಯಾನಿಷಿನ ‘ಅಮೋರ್’ ಪ್ರೇಮವೆಂಬ ನಾಮಪದ. ಇಡೊದ ‘ಅಮೋರ್’ ಇನ್ನೂ ಹುಟ್ಟದ ಪ್ರೇಮದ ಭಾವರೂಪ. ಅಂತ್ಯಸ್ವರ ಧಾತುಗಣದ ಗುರುತಾಗಿದ್ದ ಜಾಗದಲ್ಲಿ ಕಾಲದ ಗುರುತನ್ನು ಕೂರಿಸಿದುದರ ಪರಿಣಾಮವಿದು. ಸ್ಪ್ಯಾನಿಷಿನ ಗಣಭೇದಕ್ಕೆ ಅರ್ಥವಿಲ್ಲ, ಚರಿತ್ರೆ ಮಾತ್ರ ಇದೆ; ಇಡೊದಲ್ಲಿ ಚರಿತ್ರೆಯನ್ನು ತೆಗೆದು ಆ ಜಾಗಕ್ಕೆ ಅರ್ಥವನ್ನು ತುಂಬಲಾಗಿದೆ. ಜಾಣತನದ ಕೆಲಸವೆಂಬುದರಲ್ಲಿ ಸಂಶಯವಿಲ್ಲ.

ಕೂತುರಾನ ನಿಜವಾದ ಸಾಧನೆ ಕಾಲಪ್ರತ್ಯಯಗಳಿಗಿಂತ ಹೆಚ್ಚಾಗಿ ಸಾಧಿತ ಧಾತುಗಳ ಅರ್ಥನಿರ್ಣಯದಲ್ಲಿದೆ. ಎಸ್ಪೆರಾಂಟೊದಲ್ಲಿ ‘ಕ್ರೋನೊ’ (ಕಿರೀಟ) ಎಂಬ ನಾಮಪದಕ್ಕೆ ಕ್ರಿಯಾಪ್ರತ್ಯಯವನ್ನು ನೇರವಾಗಿ ಹಚ್ಚಿ ‘ಕಿರೀಟಧಾರಣೆ ಮಾಡಿಸು’ ಎಂಬ ಕ್ರಿಯೆಯನ್ನು ಪಡೆಯುತ್ತಿದ್ದರು. ಕೂತುರಾನ ಆಕ್ಷೇಪವೆಂದರೆ, ಆ ಕ್ರಿಯಾಪದದಿಂದ ಮತ್ತೆ ನಾಮಪದಕ್ಕೆ ಹಿಂದಿರುಗಿದರೆ ಕ್ರಿಯೆಯ ಹೆಸರು ದೊರೆಯಬೇಕು, ವಸ್ತುವಿನ ಹೆಸರಲ್ಲ. ಹೋದ ದಾರಿಯಲ್ಲೇ ಮರಳಿ ಬರಲು ಸಾಧ್ಯವಿರಬೇಕೆಂಬ ಈ ನಿಯಮದಿಂದಾಗಿ ಇಡೊದಲ್ಲಿ ‘ಕ್ರೊನಿಜಾರ್’ (ಕಿರೀಟ ತೊಡಿಸು), ‘ಮಾರ್ತೆಲಗಾರ್’ (ಸುತ್ತಿಗೆಯಿಂದ ಕೆಲಸ ಮಾಡು), ‘ಫ್ಲೊರಿಫಾರ್’ (ಹೂ ಬಿಡು) ಎಂದು ಪ್ರತಿಯೊಂದು ಸಂಬಂಧಕ್ಕೂ ಪ್ರತ್ಯೇಕ ಪ್ರತ್ಯಯ ಬಂದಿತು. ಒದಗಿಸುವುದು ಬೇರೆ, ಸಾಧನದಿಂದ ಮಾಡುವುದು ಬೇರೆ, ಹೊರಡಿಸುವುದು ಬೇರೆ. ಇಲ್ಲಿ ಇಡೊ ಸ್ಪ್ಯಾನಿಷಿಗಿಂತ ಖಚಿತವಾಗಿದೆ ಎಂಬುದನ್ನು ಒಪ್ಪಬೇಕು. ಸತ್ತವನ ಸ್ಥಿತಿಯನ್ನು ಹೇಳುವಾಗಲೂ ಹಾಗೆಯೇ: ಇಡೊ ‘ಸತ್ತಿರುವವನು’ ಎಂಬ ಭೂತ ಕೃದಂತವನ್ನು ಬಳಸಿ ಮಾತನ್ನು ಮುಗಿಸುತ್ತದೆ.

ಸ್ಪ್ಯಾನಿಷ್ ಅದೇ ಜಾಗದಲ್ಲಿ ಒಂದು ಆಯ್ಕೆಯನ್ನು ಮಾಡಬೇಕಾಗುತ್ತದೆ. ‘ಇರು’ ಎಂಬುದಕ್ಕೆ ಅಲ್ಲಿ ಎರಡು ಧಾತುಗಳು, ‘ಸೆರ್’ ಮತ್ತು ‘ಎಸ್ತಾರ್’. ಎರಡನೆಯದು ಲ್ಯಾಟಿನ್ನಿನ ‘ನಿಲ್ಲು’ ಧಾತುವಿನಿಂದ ಬಂದುದು. ಮೊದಲನೆಯದರ ರೂಪಾವಳಿಯೊಳಗೆ ‘ಕುಳಿತುಕೊಳ್ಳು’ ಎಂಬ ಧಾತು ಬೆರೆತಿದೆ. ಇರುವಿಕೆಯ ಎರಡು ಬಗೆಗಳನ್ನು ಜನರು ತಮ್ಮ ಮೈಯ ಭಂಗಿಗಳಿಂದ ಕಂಡುಕೊಂಡರೆಂಬುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಅಂಶ. ‘ಲಿಸ್ತೊ’ ಎಂಬ ವಿಶೇಷಣಕ್ಕೆ ‘ಸೆರ್’ ಸೇರಿದರೆ ಬುದ್ಧಿವಂತ, ‘ಎಸ್ತಾರ್’ ಸೇರಿದರೆ ಸಿದ್ಧನಾಗಿರುವವನು. ಸಾವು ಶಾಶ್ವತವಾದರೂ ಸತ್ತವನಿಗೆ ‘ಎಸ್ತಾರ್’ ಎಂಬುದೇ ಬಳಕೆ. ‘ಸ್ಥಿರ ಗುಣಕ್ಕೆ ಒಂದು, ತಾತ್ಕಾಲಿಕ ಸ್ಥಿತಿಗೆ ಮತ್ತೊಂದು’ ಎಂಬ ಪಠ್ಯಪುಸ್ತಕದ ಸೂತ್ರ ಇಲ್ಲಿ ಕುಸಿದುಬೀಳುತ್ತದೆ: ಸಾವು ವ್ಯಕ್ತಿಯ ಗುಣವಲ್ಲ, ಅವನಿಗೆ ಒದಗಿದ ಸ್ಥಿತಿ. ಇಡೊದಲ್ಲಿ ‘ಎಸಾರ್’ ಒಂದೇ.

‘ಆಗುವಿಕೆ’ಯ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ವಿಸ್ತಾರವಾಗಿದೆ. ಇಡೊದಲ್ಲಿ ‘ಇಜ್’ ಎಂಬ ಪ್ರತ್ಯಯ ಸೇರಿಸಿದರೆ ಏನು ಬೇಕಾದರೂ ಆಗಬಹುದು: ಕೆಂಪಾಗು, ಶ್ರೀಮಂತನಾಗು, ಹುಚ್ಚನಾಗು. ಸ್ಪ್ಯಾನಿಷಿನಲ್ಲಿ ಮುಖ ಕೆಂಪಾಗುವುದಕ್ಕೆ ‘ಇಟ್ಟುಕೊಳ್ಳು’ ಎಂಬ ಮೂಲಾರ್ಥದ ಧಾತು ಬೇಕು, ಹುಚ್ಚನಾಗುವುದಕ್ಕೆ ‘ತಿರುಗಿಕೊಳ್ಳು’, ಶ್ರೀಮಂತನಾಗುವುದಕ್ಕೆ ‘ಮಾಡಿಕೊಳ್ಳು’, ವಿಧುರನಾಗುವುದಕ್ಕೆ ‘ಉಳಿದುಕೊಳ್ಳು’. ಕ್ಷಣಿಕ ವಿಕಾರ, ಸ್ವಭಾವದ ಮಾರ್ಪಾಟು, ಸ್ವಪ್ರಯತ್ನದ ಫಲ, ನಷ್ಟದ ನಂತರದ ಉಳಿಕೆ ಎಂದು ಮನುಷ್ಯನ ಬಾಳಿನ ಮಾರ್ಪಾಟುಗಳ ಒಂದು ವರ್ಗೀಕರಣವೇ ಇಲ್ಲಿದೆ. ಯಾವ ಸಮಿತಿಯೂ ಇದನ್ನು ಅಂಗೀಕರಿಸಲಿಲ್ಲ. ಇಲ್ಲಿ ಕನ್ನಡ ಇಡೊದ ಪಕ್ಷಕ್ಕೆ ಸೇರುವುದೆಂಬುದು ಕುತೂಹಲಕರ: ‘ಆಗು’ ಎಂಬ ಒಂದೇ ಧಾತು ಎಲ್ಲವನ್ನೂ ನಿರ್ವಹಿಸುತ್ತದೆ. ಆದರೂ ಆಡುಮಾತಿನಲ್ಲಿ ಹುಚ್ಚು ‘ಹಿಡಿಯುತ್ತದೆ’, ಮುಖ ‘ಕೆಂಪೇರುತ್ತದೆ’. ನಿಯಮ ಒಂದೇ ಇದ್ದರೂ ಬಳಕೆ ಅದರ ಸುತ್ತ ಬೇರೆ ದಾರಿಗಳನ್ನು ತೆರೆಯುತ್ತಲೇ ಇರುತ್ತದೆ.

ಎರಡು ವ್ಯವಸ್ಥೆಗಳ ನಿರ್ಣಾಯಕ ಭೇದ ಭೂತಕಾಲದಲ್ಲಿದೆ. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಲ್ಯೊ 1841ರ ಪ್ರಬಂಧದಲ್ಲಿಯೂ 1847ರ ವ್ಯಾಕರಣದಲ್ಲಿಯೂ ಸ್ಪ್ಯಾನಿಷ್ ಕಾಲಗಳಿಗೆ ಹೊಸ ಹೆಸರುಗಳನ್ನಿಟ್ಟ. ಅವನ ಪ್ರಕಾರ ‘ಅಮೆ’ (ಪ್ರೀತಿಸಿದೆ) ಶುದ್ಧ ಭೂತ. ‘ಅಮಾಬಾ’ (ಪ್ರೀತಿಸುತ್ತಿದ್ದೆ) ಸಹಭೂತ, ಅಂದರೆ ಹಿಂದಿನ ಒಂದು ಸಂಗತಿಯೊಡನೆ ಏಕಕಾಲದಲ್ಲಿ ಇದ್ದುದು. ‘ಅಮಾರೀಯಾ’ ಅನುಭೂತ, ಹಿಂದಿನ ಒಂದು ಬಿಂದುವಿನಿಂದ ಮುಂದಕ್ಕೆ ನೋಡಿದುದು. ಇವೆಲ್ಲಕ್ಕೂ ‘ಪೂರ್ವ’ ಎಂಬ ಉಪಸರ್ಗ ಸೇರಿಸಿ ಸಂಯುಕ್ತ ಕಾಲಗಳನ್ನು ಅವನು ವಿವರಿಸಿದ. ಇಡೊದ ‘ಅಬ್’ ಎಂಬ ಮಧ್ಯಪ್ರತ್ಯಯ ಬೆಲ್ಯೊನ ‘ಪೂರ್ವ’ ಉಪಸರ್ಗದ ಕೆಲಸವನ್ನೇ ಮಾಡುತ್ತದೆ. ಆದರೆ ಬೆಲ್ಯೊನ ‘ಸಹ’ ಎಂಬುದಕ್ಕೆ ಇಡೊದ ಕಾಲವ್ಯವಸ್ಥೆಯಲ್ಲಿ ಸ್ಥಾನವಿಲ್ಲ. ಬೆಲ್ಯೊ ಇದ್ದ ಭಾಷೆಯೊಳಗಿನ ತರ್ಕವನ್ನು ಹುಡುಕಿದ. ಕೂತುರಾ ತರ್ಕದಿಂದ ಭಾಷೆಯನ್ನು ತೆಗೆಯಲು ಹೊರಟ. ಇಬ್ಬರ ದಾರಿ ಬೇರೆಯಾಗುವುದು ಈ ಒಂದು ಖಾಲಿ ಜಾಗದಲ್ಲಿ.

ಆ ಖಾಲಿ ಜಾಗದ ಬೆಲೆ ಸಣ್ಣದಲ್ಲ. ಸ್ಪ್ಯಾನಿಷಿನಲ್ಲಿ ‘ಸಾಬೀಯಾ’ ಎಂದರೆ ಅವನಿಗೆ ತಿಳಿದಿತ್ತು. ‘ಸೂಪೊ’ ಎಂದರೆ ಅವನಿಗೆ ತಿಳಿಯಿತು. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು. ‘ಕೊನೊಸ್ಯೊ’ ಎಂದರೆ ಪರಿಚಯವಾಯಿತು. ‘ನೊ ಕೆರೀಯಾ’ ಎಂದರೆ ಮನಸ್ಸಿರಲಿಲ್ಲ. ‘ನೊ ಕೀಸೊ’ ಎಂದರೆ ಒಲ್ಲೆನೆಂದುಬಿಟ್ಟ. ಧಾತು ಒಂದೇ, ಕಾಲವೂ ಒಂದೇ. ಕ್ರಿಯೆಯನ್ನು ಒಳಗಿನಿಂದ ನೋಡಿದರೆ ಒಂದರ್ಥ, ಹೊರಗಿನಿಂದ ಅಂಚುಗಳ ಸಮೇತ ನೋಡಿದರೆ ಮತ್ತೊಂದು. ಇಡೊ ಇದನ್ನು ಹೇಳಲಾರದು ಎಂಬ ಆರೋಪ ಸರಿಯಲ್ಲ. ಆರಂಭವನ್ನು ಸೂಚಿಸುವ ‘ಎಸ್ಕ್’ ಪ್ರತ್ಯಯದಿಂದ ‘ಸಾವಿಸ್’ (ತಿಳಿದಿತ್ತು), ‘ಸಾವೆಸ್ಕಿಸ್’ (ತಿಳಿಯಿತು) ಎಂಬ ಭೇದವನ್ನು ಮಾಡಬಹುದು. ‘ಫ್ರಾಪಾರ್’ (ತಟ್ಟು) ಎಂಬುದಕ್ಕೆ ‘ಅದ್’ ಸೇರಿಸಿ ‘ಫ್ರಾಪದಾರ್’ (ಮತ್ತೆ ಮತ್ತೆ ತಟ್ಟು) ಎನ್ನಬಹುದು. ಪ್ರಶ್ನೆ ಹೇಳಲು ಸಾಧ್ಯವೇ ಎಂಬುದಲ್ಲ, ಹೇಳಲೇಬೇಕೇ ಎಂಬುದು. ಭಾಷೆಗಳು ಭಿನ್ನವಾಗುವುದು ಏನನ್ನು ಹೇಳಬಲ್ಲವು ಎಂಬುದರಲ್ಲಿ ಅಲ್ಲ, ಏನನ್ನು ಹೇಳದೆ ಬಿಡಲಾರವು ಎಂಬುದರಲ್ಲಿ ಎಂಬ ಆಶಯವನ್ನು ರೋಮನ್ ಯಾಕಬ್ಸನ್ 1959ರ ಅನುವಾದ ಕುರಿತ ಲೇಖನದಲ್ಲಿ ಮಂಡಿಸಿದ್ದಾನೆ. ಸ್ಪ್ಯಾನಿಷ್ ಕಥೆಗಾರ ಪ್ರತಿ ವಾಕ್ಯದಲ್ಲಿಯೂ ಒಳಗೋ ಹೊರಗೋ ಎಂದು ನಿರ್ಧರಿಸಲೇಬೇಕು. ಇಡೊದಲ್ಲಿ ಕಥೆ ಹೇಳುವವನು ಬೇಕೆನಿಸಿದಾಗ ಮಾತ್ರ ಪ್ರತ್ಯಯವನ್ನು ಹುಡುಕಿ ತರುತ್ತಾನೆ. ಕಡ್ಡಾಯವಾದುದು ಗಮನ ಸೆಳೆಯದೆ ಕೆಲಸ ಮಾಡುತ್ತದೆ. ಐಚ್ಛಿಕವಾದುದು ಪ್ರತಿ ಸಲವೂ ಒತ್ತಿ ಹೇಳಿದಂತೆ ಕೇಳುತ್ತದೆ.

ಮೌಖಿಕ ಕಥನದಲ್ಲಿ ಇದರ ಪರಿಣಾಮ ನೇರವಾಗಿದೆ. ಸ್ಪ್ಯಾನಿಷ್ ಅಜ್ಜಿಕಥೆ ಆರಂಭವಾಗುವುದು ಸಹಭೂತದಲ್ಲಿ: ‘ಎರಾಸೆ ಉನಾ ವೆಸ್’, ಒಂದಾನೊಂದು ಕಾಲದಲ್ಲಿ ಇದ್ದ. ಆ ಕ್ರಿಯಾಪದ ಹಿನ್ನೆಲೆಯನ್ನು ಹಾಸುತ್ತದೆ. ಮೊದಲ ಘಟನೆ ಬಂದೊಡನೆ ಕ್ರಿಯಾಪದ ಮುಗಿದ ಭೂತಕ್ಕೆ ಜಿಗಿಯುತ್ತದೆ. ಕೇಳುಗರಿಗೆ ‘ಈಗ ಕಥೆ ಹೊರಟಿತು’ ಎಂದು ಬೇರೆ ಹೇಳಬೇಕಾಗಿಲ್ಲ. ಇಡೊದ ಅನುವಾದದಲ್ಲಿ ಎರಡು ಕಡೆಯೂ ‘ಇಸ್’ ಎಂಬ ಒಂದೇ ಪ್ರತ್ಯಯ ಬಂದು ಹಾಸೂ ಹೊಕ್ಕೂ ಒಂದೇ ಬಣ್ಣದ ನೂಲಾಗುತ್ತವೆ.

ಸ್ಪೇನಿನ ಕಥನಗೀತೆಗಳಾದ ‘ರೊಮಾನ್ಸೆ’ಗಳಲ್ಲಿ ಸ್ಥಿತಿ ಮತ್ತಷ್ಟು ಜಟಿಲ. 1900ರಲ್ಲಿ ರಮೊನ್ ಮೆನೆಂದೆಸ್ ಪಿದಾಲ್ ಮತ್ತು ಮರಿಯಾ ಗೊಯ್ರಿ ತಮ್ಮ ಮದುವೆಯ ನಂತರ ವೀರ ಸಿದ್‌ನ ದಾರಿಯಲ್ಲಿ ಪ್ರವಾಸ ಹೊರಟಾಗ, ಓಸ್ಮಾದ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಹಾಡಿದ ಗೀತೆಯೊಂದನ್ನು ಕೇಳಿದರು. ಅದು 1497ರಲ್ಲಿ ತೀರಿಕೊಂಡ ರಾಜಕುಮಾರ ಹುವಾನ್‌ನ ಸಾವಿನ ಕಥೆ. ನಾಲ್ಕು ನೂರು ವರ್ಷ ಬಾಯಿಂದ ಬಾಯಿಗೆ ಹರಿದುಬಂದ ಆ ಹಾಡು ಕ್ಯಾಸ್ಟೀಲಿನಲ್ಲಿ ಕಥನಗೀತೆಗಳ ಮೌಖಿಕ ಪರಂಪರೆ ಇನ್ನೂ ಜೀವಂತವಾಗಿದೆ ಎಂಬುದನ್ನು ತೋರಿಸಿಕೊಟ್ಟಿತು. ಈ ಪ್ರಕಾರದ ಹಾಡುಗಳಲ್ಲಿ ಒಂದೇ ಸನ್ನಿವೇಶದೊಳಗೆ ವರ್ತಮಾನ, ಮುಗಿದ ಭೂತ, ಸಹಭೂತ ಒಂದರ ಹಿಂದೊಂದು ಬರುತ್ತವೆ. ವರ್ತಮಾನವಿರಬೇಕಾದ ಕಡೆ, ಪಾತ್ರದ ನೇರ ಮಾತಿನಲ್ಲಿ ಕೂಡ, ಸಹಭೂತ ಕಾಣಿಸಿಕೊಳ್ಳುತ್ತದೆ. ‘ಅಮಾರಾ’ ಎಂಬಂಥ ರೂಪ, ಇಂದು ಸಂಭಾವನಾರ್ಥವಾಗಿರುವುದು, ಲ್ಯಾಟಿನ್ನಿನಿಂದ ಬಂದ ಹಳೆಯ ಪೂರ್ವಭೂತದ ಅರ್ಥದಲ್ಲಿ ಅಲ್ಲಿ ಉಳಿದುಕೊಂಡಿದೆ. ಇದೆಲ್ಲ ಪ್ರಾಸದ ಅನುಕೂಲಕ್ಕಾಗಿ ಮಾಡಿದ್ದು ಎಂಬುದು ಒಂದು ವಾದ. ಪ್ರಾಸದ ಒತ್ತಡವಿರುವುದು ನಿಜವಾದರೂ ಸಾಲಿನ ನಡುವೆಯೂ ಕಾಲ ಬದಲಾಗುವುದನ್ನು ಅದು ವಿವರಿಸಲಾರದು. ಸಿದ್ ಕಾವ್ಯದ ಕಾಲರೂಪಗಳನ್ನು ಕುರಿತು ಸ್ಟೀಫನ್ ಗಿಲ್ಮನ್ 1961ರಲ್ಲಿ ಬರೆದ ಗ್ರಂಥ, ಹಳೆಯ ಕಥನಗೀತೆಗಳ ಕಾಲರೂಪಗಳನ್ನು ಕುರಿತು ಜೋಸೆಫ್ ಸೆರ್ತಿಕ್ಸ್ 1967ರಲ್ಲಿ ಬರೆದ ಗ್ರಂಥ, ಎರಡೂ ಈ ಸಮಸ್ಯೆಯನ್ನು ದೋಷವೆಂದು ಕಾಣದೆ ಕಲೆಯೆಂದು ಕಂಡವು. ಗಾಯಕನಿಗೆ ಕಾಲವೆಂದರೆ ಪಂಚಾಂಗವಲ್ಲ. ಘಟನೆಯನ್ನು ಕೇಳುಗರ ಹತ್ತಿರಕ್ಕೆ ಎಳೆಯುವ, ದೂರಕ್ಕೆ ಸರಿಸುವ ಹಗ್ಗ. ಪ್ರತಿ ರೂಪಕ್ಕೂ ಒಂದೇ ಅರ್ಥವೆಂದು ಕಟ್ಟಿದ ವ್ಯವಸ್ಥೆಯಲ್ಲಿ ಈ ಹಗ್ಗವನ್ನು ಎಳೆಯಲು ಹೋದರೆ ಅದು ವ್ಯಾಕರಣದೋಷವೆನಿಸಿಕೊಳ್ಳುತ್ತದೆ.

ಸಂಭಾವನಾರ್ಥದ ವಿಷಯ ಬೇಗ ಹೇಳಿ ಮುಗಿಸಬಹುದಾದುದು. ‘ಸ್ಪ್ಯಾನಿಷ್ ಬಲ್ಲ ಗುಮಾಸ್ತನನ್ನು ಹುಡುಕುತ್ತಿದ್ದೇನೆ’ ಎಂಬಲ್ಲಿ ಅಂಥವನೊಬ್ಬನಿರುವುದು ಖಚಿತವಿದ್ದರೆ ‘ಸಾಬೆ’, ಇರುವನೋ ಇಲ್ಲವೋ ತಿಳಿಯದಿದ್ದರೆ ‘ಸೇಪಾ’. ಇಡೊ ಆಜ್ಞೆ ಮತ್ತು ಹಾರೈಕೆಗಳಿಗೆ ‘ಎಜ್’ ಪ್ರತ್ಯಯವನ್ನು, ಕಲ್ಪಿತ ಸ್ಥಿತಿಗೆ ‘ಉಸ್’ ಪ್ರತ್ಯಯವನ್ನು ಕೊಟ್ಟು, ಸಂದೇಹದ ನಡುವಣ ಛಾಯೆಗಳನ್ನು ಸಂದರ್ಭಕ್ಕೆ ಬಿಟ್ಟುಬಿಟ್ಟಿದೆ. ಕನ್ನಡವೂ ಈ ಗುಮಾಸ್ತನ ವಾಕ್ಯದಲ್ಲಿ ಭೇದ ಮಾಡುವುದಿಲ್ಲವಾದ್ದರಿಂದ ಇದನ್ನು ದೊಡ್ಡ ಕೊರತೆಯೆಂದು ಕನ್ನಡಿಗರು ಎಣಿಸಬೇಕಾಗಿಲ್ಲ. ಪರೋಕ್ತಿಯಲ್ಲಂತೂ ಇಡೊದ ಕ್ರಮ ಕನ್ನಡಕ್ಕೆ ಹತ್ತಿರ: ‘ಬರುತ್ತೇನೆ ಎಂದನು’ ಎಂಬಂತೆ ಮೂಲ ಮಾತಿನ ಕಾಲವೇ ಉಳಿಯುತ್ತದೆ, ಸ್ಪ್ಯಾನಿಷಿನಲ್ಲಿ ಅದು ಅನುಭೂತಕ್ಕೆ ಸರಿಯಬೇಕು.

ಇಡೊವಾದಿಗಳ ಪರವಾಗಿ ಹೇಳಬಹುದಾದ ಬಲವಾದ ಮಾತೊಂದುಂಟು. ಕ್ರಮಬದ್ಧತೆಯ ಹಂಬಲ ಪಂಡಿತರದು ಮಾತ್ರವಲ್ಲ. ಸ್ಪ್ಯಾನಿಷ್ ಮಕ್ಕಳು ‘ನನಗೆ ಗೊತ್ತು’ ಎಂಬುದಕ್ಕೆ ಅನಿಯಮಿತವಾದ ‘ಸೆ’ ಎನ್ನದೆ ‘ಸಾಬೊ’ ಎನ್ನುತ್ತಾರೆ; ಮುರಿದದ್ದಕ್ಕೆ ‘ರೋತೊ’ ಎನ್ನದೆ ‘ರೊಂಪೀದೊ’ ಎನ್ನುತ್ತಾರೆ. ಹಳ್ಳಿಗಾಡಿನ ಆಡುಮಾತಿನಲ್ಲಿ ‘ದಿಹಿಸ್ತೆ’ ಎಂಬ ಮಧ್ಯಮಪುರುಷ ರೂಪ ಇತರ ಕಾಲಗಳ ಸಾದೃಶ್ಯದಿಂದ ‘ದಿಹಿಸ್ತೆಸ್’ ಆಗುತ್ತದೆ. ಇಡೊದ ಕರ್ತೃಗಳು ಮಾಡಿದ್ದು ಈ ಜನಪ್ರವೃತ್ತಿಯನ್ನು ಕೊನೆಯವರೆಗೆ ಒಯ್ಯುವುದಷ್ಟೆ ಎನ್ನಬಹುದು. ಈ ವಾದದ ಅರ್ಧಭಾಗ ಸತ್ಯ. ಜನರು ರೂಪಗಳನ್ನು ಸಮಗೊಳಿಸುತ್ತಾರೆ. ಆದರೆ ಅದೇ ಕೈಯಿಂದ ಹೊಸ ಭೇದಗಳನ್ನೂ ಹುಟ್ಟಿಸುತ್ತಾರೆ. ಮೊದಲನೆಯ ಪ್ರವೃತ್ತಿಯನ್ನು ಸಮಿತಿ ಅನುಕರಿಸಬಲ್ಲದು. ಎರಡನೆಯದಕ್ಕೆ ಅಗತ್ಯವಾದುದು ದಿನನಿತ್ಯ ಮಾತಾಡುವ, ಜಗಳವಾಡುವ, ಸುಳ್ಳು ಹೇಳುವ ಒಂದು ಸಮುದಾಯ. ಇಡೊದ ರಚನೆಯಲ್ಲಿ ಭಾಗಿಯಾಗಿದ್ದ ಯೆಸ್ಪರ್ಸನ್‌ನೇ 1928ರಲ್ಲಿ ‘ನೊವಿಯಾಲ್’ ಎಂಬ ಬೇರೊಂದು ಭಾಷೆಯನ್ನು ರೂಪಿಸಿ, ಅದರಲ್ಲಿ ಪ್ರತ್ಯಯಗಳ ಬದಲಿಗೆ ಸಹಾಯಕ ಕ್ರಿಯೆಗಳಿಗೆ ಹೆಚ್ಚಿನ ಭಾರ ಹೊರಿಸಿದುದು ಈ ದೃಷ್ಟಿಯಿಂದ ಅರ್ಥಪೂರ್ಣ. ಜೀವಂತ ಭಾಷೆಗಳ ಬೆಳವಣಿಗೆ ಆ ದಿಕ್ಕಿಗಿದೆ ಎಂಬುದು ಅವನ ನಂಬಿಕೆಯಾಗಿತ್ತು. ಕೂತುರಾನ ಪ್ರತಿಕ್ರಿಯೆ ತಿಳಿಯುವ ಅವಕಾಶವಿರಲಿಲ್ಲ. ಅವನು 1914ರ ಆಗಸ್ಟಿನಲ್ಲಿ, ಸೈನ್ಯ ಸಜ್ಜುಗೊಳಿಸುವ ಆದೇಶಗಳನ್ನು ಒಯ್ಯುತ್ತಿದ್ದ ವಾಹನ ಡಿಕ್ಕಿ ಹೊಡೆದು ತೀರಿಕೊಂಡಿದ್ದ.

ಈ ಚರ್ಚೆಗೂ ಕನ್ನಡ ಜಾನಪದ ಸಂಗ್ರಹಕಾರ್ಯಕ್ಕೂ ಇರುವ ಸಂಬಂಧ ದೂರದ್ದಲ್ಲ. ಭೂತ, ವರ್ತಮಾನ, ಭವಿಷ್ಯತ್ ಎಂಬ ಶಾಲಾ ವ್ಯಾಕರಣದ ಮೂರು ಕಾಲಗಳ ಚೌಕಟ್ಟು ಇಡೊದ ಚೌಕಟ್ಟಿನಂತೆಯೇ ಅಚ್ಚುಕಟ್ಟಾದುದು. ಕಥೆ ಹೇಳುವ ಅಜ್ಜಿಯ ‘ಇದ್ದನಂತೆ’, ‘ಹೋಗಿಬಿಟ್ಟನಂತೆ’, ‘ಬಂದಾನು’ ಮುಂತಾದ ರೂಪಗಳು ಆ ಚೌಕಟ್ಟಿಗೆ ಹೊಂದುವುದಿಲ್ಲ. ಸಂಪಾದಕನು ‘ಶುದ್ಧ’ ಪಾಠದ ಹೆಸರಿನಲ್ಲಿ ‘ಅಂತೆ’ಯನ್ನು ಕಿತ್ತು ‘ಇದ್ದನು’ ಎಂದು ಅಚ್ಚು ಹಾಕಿದರೆ, ಕಥೆಗೆ ತಾನು ಸಾಕ್ಷಿಯಲ್ಲ, ಕೇಳಿದ್ದನ್ನು ದಾಟಿಸುತ್ತಿರುವವಳು ಎಂಬ ಹೇಳುಗಳ ನಿಲುವೇ ಅಳಿಸಿಹೋಗುತ್ತದೆ. ಆ ನಷ್ಟ ಯಾವ ಅಡಿಟಿಪ್ಪಣಿಯಲ್ಲಿಯೂ ದಾಖಲಾಗುವುದಿಲ್ಲ.

‘ಅಂತೆ’ಗೆ ಸಮನಾದ ಆಖ್ಯಾತರೂಪ ಇಡೊದಲ್ಲಿ ಇಲ್ಲ, ಪುಸ್ತಕದ ಸ್ಪ್ಯಾನಿಷಿನಲ್ಲಿಯೂ ಇಲ್ಲ. ಆದರೆ ಮೆಕ್ಸಿಕೊ, ಕೊಲಂಬಿಯಾಗಳ ಆಡುಮಾತಿನಲ್ಲಿ ‘ಹೇಳುತ್ತಾರೆ’ ಎಂಬ ಕ್ರಿಯಾಪದವೂ ‘ಎಂದು’ ಎಂಬ ಅವ್ಯಯವೂ ಕರಗಿ ‘ದಿಸ್ಕೆ’ ಎಂಬ ಒಂದೇ ಪದವಾಗಿ, ಹೆಚ್ಚುಕಡಿಮೆ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ, ಕೆಲವೊಮ್ಮೆ ‘ನಂಬುವುದು ಬಿಡುವುದು ನಿಮಗೆ ಸೇರಿದ್ದು’ ಎಂಬ ವ್ಯಂಗ್ಯವೂ ಅದರಲ್ಲಿ ಸೇರಿರುತ್ತದೆ. ಆಂಡಿಸ್ ಪರ್ವತಪ್ರದೇಶದಲ್ಲಿ ಕ್ವೆಚುವಾ ಮತ್ತು ಐಮಾರಾ ಭಾಷಿಕರ ನಡುವೆ ಬೆಳೆದ ಸ್ಪ್ಯಾನಿಷಿನಲ್ಲಿ ಮತ್ತೂ ಮುಂದಿನ ಹೆಜ್ಜೆ ಕಾಣುತ್ತದೆ. ಆ ಭಾಷೆಗಳಲ್ಲಿ ಕಣ್ಣಾರೆ ಕಂಡದ್ದಕ್ಕೂ ಕಾಣದೆ ತಿಳಿದದ್ದಕ್ಕೂ ಕ್ರಿಯಾಪದದಲ್ಲಿ ಭೇದವುಂಟು. ಸ್ಪ್ಯಾನಿಷ್ ಮಾತಾಡತೊಡಗಿದಾಗ ಅಲ್ಲಿನ ಜನ ಈ ಭೇದವನ್ನು ಬಿಡಲಿಲ್ಲ. ಪೂರ್ವಭೂತದ ‘ಅಬೀಯಾ ಸೀದೊ’ ಎಂಬ ರೂಪವನ್ನು ತೆಗೆದುಕೊಂಡು, ಮುಂಚೆಯೇ ಮುಗಿದ ಕ್ರಿಯೆ ಎಂಬ ಅದರ ಅರ್ಥವನ್ನು ಪಕ್ಕಕ್ಕೆ ಸರಿಸಿ, ತಾನು ಕಾಣದ ಸಂಗತಿಗೂ, ಈಗಷ್ಟೇ ಗೊತ್ತಾಗಿ ಬೆರಗು ಹುಟ್ಟಿಸಿದ ಸಂಗತಿಗೂ ಬಳಸತೊಡಗಿದರು. ಬಾಗಿಲು ತೆರೆದು ನೋಡಿ ‘ಓಹೋ, ನೀವಾ!’ ಎನ್ನುವಾಗ ಅಲ್ಲಿನವರ ಬಾಯಲ್ಲಿ ಬರುವುದು ಈ ಪೂರ್ವಭೂತವೇ.